ಬಾಲಗಾಯಕ ಕುಮಾರ ಗಂಧರ್ವ

ಕುಮಾರ ಗಂಧರ್ವರ ಹೆಸರನ್ನು ಕೇಳದ ಸಂಗೀತಪ್ರಿಯರು ವಿರಳ. ಆ ಹೆಸರು ಅವರಿಗೆ ಎಳೆಯ ವಯಸ್ಸಿನಲ್ಲೇ ಬಂದ ಬಿರುದೆಂಬುದನ್ನು ಬಲ್ಲವರು ಕಡಿಮೆ. ಅವರ ಬಾಲ್ಯವನ್ನು ನೆನೆದಾಗಲೆಲ್ಲ ನನಗೊಂದು ಪ್ರಶ್ನೆ ಏಳುತ್ತದೆ: ಮಗುವಿನ ಪ್ರತಿಭೆಯ ಮೇಲೆ ತಂದೆತಾಯಿಗಳಿಗೆ ಎಷ್ಟು ಹಕ್ಕು?

ಅವರ ಹುಟ್ಟುಹೆಸರು ಶಿವಪುತ್ರ. 1924ರ ಏಪ್ರಿಲ್ 8ರಂದು ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಜನನ. ದೊಡ್ಡ ಗಾಯಕರ ಗ್ರಾಮಫೋನ್ ಪ್ಲೇಟುಗಳನ್ನು ಕೇಳಿ ಬಾಲಕ ಅವರಂತೆಯೇ ಹಾಡಿಬಿಡುತ್ತಿದ್ದ. ಮಠಾಧೀಶರೊಬ್ಬರು ಮೆಚ್ಚಿ ಆ ಬಿರುದನ್ನಿತ್ತರು. ಸ್ವತಃ ಸಂಗೀತ ಬಲ್ಲ ತಂದೆ ಸಿದ್ಧರಾಮಯ್ಯನವರು ಮಗನನ್ನು ಊರೂರಿಗೆ ಕರೆದೊಯ್ದು ಕಚೇರಿ ಮಾಡಿಸಿದರು. 1935ರಲ್ಲಿ ಅಲಹಾಬಾದಿನ ಸಂಗೀತ ಸಮ್ಮೇಳನದಲ್ಲಿ ವಿದ್ವಾಂಸರೇ ಬೆರಗಾದರು.

ಆ ಬೆರಗಿನಲ್ಲಿಯೇ ಅಪಾಯವೂ ಇದ್ದಿತು. ಬಾಲಕ ಹಾಡುತ್ತಿದ್ದುದು ಅನ್ಯರ ಗಾನ. ಕಂಠ ಒಡೆಯುವ ವಯಸ್ಸು ಬಂದರೆ ಆ ಬೆರಗು ನಿಲ್ಲದು. ಅಷ್ಟರೊಳಗೆ ಗಳಿಸಿಕೊಳ್ಳೋಣವೆಂಬ ಆಸೆ ಯಾವ ತಂದೆಗಾದರೂ ಹುಟ್ಟಬಹುದು. ಸಿದ್ಧರಾಮಯ್ಯನವರಾದರೋ 1936ರಲ್ಲಿ ಮಗನನ್ನು ಮುಂಬಯಿಯಲ್ಲಿ ಪ್ರೊಫೆಸರ್ ಬಿ. ಆರ್. ದೇವಧರರ ಶಿಷ್ಯವೃತ್ತಿಗೆ ಒಪ್ಪಿಸಿದರು. ಆಗಲೇ ಹೆಸರಾಗಿದ್ದ ಹುಡುಗ ಅಲ್ಲಿ ಮತ್ತೆ ವಿದ್ಯಾರ್ಥಿಯಾದ.

ಮುಂದೆ ಕ್ಷಯರೋಗ ತಗುಲಿ, 1948ರಲ್ಲಿ ದೇವಾಸಕ್ಕೆ ಹೋದರು. ವೈದ್ಯರು ಹಾಡಲೇಬಾರದೆಂದರು. ಮೌನದ ಆ ವರ್ಷಗಳಲ್ಲಿ ಮಾಳವದ ಜನಪದ ಗೀತೆಗಳಿಗೆ ಕಿವಿಗೊಟ್ಟರು. ಚೇತರಿಸಿಕೊಂಡು ಹಾಡಿದಾಗ ಕೇಳಿಬಂದುದು ಪ್ಲೇಟಿನ ಅನುಕರಣವಲ್ಲ, ಅವರದೇ ಗಾಯನ. 1990ರಲ್ಲಿ ಪದ್ಮವಿಭೂಷಣ ಬಂದಿತು. 1992ರ ಜನವರಿ 12ರಂದು ನಿಧನರಾದರು.

ತಂದೆ ಮಗನನ್ನು ವೇದಿಕೆ ಹತ್ತಿಸಿದುದೇ ತಪ್ಪೆಂದು ನಾನು ಹೇಳಲಾರೆ. ಕಲಿಯುವ ಕಾಲದಲ್ಲಿ ಗುರುವಿಗೆ ಒಪ್ಪಿಸಿದುದು ಅವರ ದೊಡ್ಡತನ. ಆದರೂ ಆಟದ ವಯಸ್ಸು ಕಚೇರಿಗಳಲ್ಲಿ ಕಳೆಯಿತು. ಅದನ್ನು ಯಾವ ಪ್ರಶಸ್ತಿಯೂ ಮರಳಿಸದು.

ಇಂದು ಬಳ್ಳಾರಿಯಲ್ಲಿಯೂ ಕುರುಗೋಡಿನಲ್ಲಿಯೂ ಮಕ್ಕಳನ್ನು ಟಿ.ವಿ. ಸ್ಪರ್ಧೆಗೆ, ಮೊಬೈಲಿನ ಕ್ಯಾಮೆರಾಕ್ಕೆ ಅಣಿಗೊಳಿಸುವ ತಂದೆತಾಯಿಗಳನ್ನು ಕಾಣುತ್ತೇನೆ. 2017ರ ನಿಯಮದಂತೆ ಬಾಲಕಲಾವಿದರ ಗಳಿಕೆಯಲ್ಲಿ ಶೇಕಡಾ 20ನ್ನಾದರೂ ಅವರ ಹೆಸರಿನಲ್ಲಿ ಬ್ಯಾಂಕಿನಲ್ಲಿಡಬೇಕು. ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸಬಾರದು. ಹಣಕ್ಕೆ ಲೆಕ್ಕವುಂಟು. ಮಗುವಿಗೆ ಇಷ್ಟವಿತ್ತೇ ಎಂದು ಕೇಳಬೇಕಾದವರು ಮನೆಯವರೇ. ಸಿರುಗುಪ್ಪದ ರೈತ ಎಷ್ಟೇ ಸಾಲವಿದ್ದರೂ ಹಾಲುಗಟ್ಟಿದ ಭತ್ತದ ತೆನೆಗೆ ಕುಡುಗೋಲು ಹಾಕುವುದಿಲ್ಲ. ಹೆತ್ತವರಿಗೆ ಅಷ್ಟು ತಾಳ್ಮೆ ಬೇಡವೇ?