ಕೀಟಗಳ ಜಾಡು ಹಿಡಿದು ಕೃಷಿ ಕಟ್ಟಿದ ಕೋಲ್ಮನ್

ಮಂಡ್ಯ ಎಂದೊಡನೆ ಕಬ್ಬು ಮತ್ತು ಮೈಷುಗರ್, ನಾಲೆ ಎಂದೊಡನೆ ಸರ್ ಎಂ. ವಿಶ್ವೇಶ್ವರಯ್ಯ ನೆನಪಾಗುತ್ತಾರೆ. ಆ ಸಾಲಿನಲ್ಲೇ ನಿಲ್ಲಬೇಕಾದ, ಆದರೆ ನಗರವಾಸಿಗಳು ಬಹುಮಟ್ಟಿಗೆ ಮರೆತಿರುವ ಹೆಸರು ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್ ಅವರದು.

1878ರ ಜೂನ್ 16ರಂದು ಕೆನಡಾದ ಆಂಟಾರಿಯೊ ಪ್ರಾಂತ್ಯದಲ್ಲಿ ಜನಿಸಿದ ಕೋಲ್ಮನ್, ಟೊರಾಂಟೊ ಹಾಗೂ ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯಗಳಲ್ಲಿ ವ್ಯಾಸಂಗ ಮಾಡಿ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಬೆಳೆಗೆ ತಗಲುವ ಶಿಲೀಂಧ್ರ ಮತ್ತು ಕೀಟ, ಎರಡರ ಹೊಣೆಯೂ ಅವರ ಹೆಗಲೇರಿತು.

ಜೋಳದ ಸೀಮೆಯ ರೈತರನ್ನು ಆಗ ಕಂಗೆಡಿಸಿದ್ದುದು ಒಂದು ಮಿಡತೆ. ಡಿಡಿಟಿಯಂಥ ಕೀಟನಾಶಕಗಳು ಇನ್ನೂ ಬಂದಿರದ ಕಾಲವದು. ಕೋಲ್ಮನ್ ಔಷಧಿಗಿಂತ ಮೊದಲು ಮಿಡತೆಯ ಬದುಕನ್ನೇ ಅಭ್ಯಾಸ ಮಾಡಿದರು. ಅದಕ್ಕೆ ಹಾರುವ ರೆಕ್ಕೆಗಳಿಲ್ಲ. ವರ್ಷಕ್ಕೆ ಒಂದೇ ಪೀಳಿಗೆ. ಮಣ್ಣಿನಲ್ಲಿಟ್ಟ ಮೊಟ್ಟೆ ಬೇಸಿಗೆಯನ್ನು ಅಲ್ಲೇ ಕಳೆದು ಮುಂಗಾರಿಗೆ ಮರಿಯಾಗುತ್ತದೆ. ಹಾರಲಾರದ ಶತ್ರು ದೂರದಿಂದ ದಾಳಿಯಿಡದು. ಅದು ಹುಟ್ಟುವುದು ರೈತನ ಹೊಲದಲ್ಲೇ. ಹೀಗಾಗಿ ಮಳೆಗೆ ಮುನ್ನ ನೆಲ ಉತ್ತು ಮೊಟ್ಟೆಗಳನ್ನು ಬಿಸಿಲಿಗೂ ಹಕ್ಕಿಗಳಿಗೂ ಒಡ್ಡಿದರೆ ಅರ್ಧ ಯುದ್ಧ ಗೆದ್ದಂತೆ. 1910ರಲ್ಲಿ ಸ್ಪೇನಿನ ಕೀಟಶಾಸ್ತ್ರಜ್ಞ ಇಗ್ನಾಸಿಯೊ ಬೊಲಿವಾರ್ ಈ ಮಿಡತೆಗೆ ಕೋಲ್ಮನ್ ಗೌರವಾರ್ಥ 'ಕೋಲ್ಮೇನಿಯಾ' ಎಂದು ನಾಮಕರಣ ಮಾಡಿದರು. ಪೀಡೆಯೊಂದಕ್ಕೆ ತಮ್ಮ ಹೆಸರು ಅಂಟುವ ಭಾಗ್ಯ ಕೀಟಶಾಸ್ತ್ರಜ್ಞರಿಗಲ್ಲದೆ ಇನ್ನಾರಿಗೆ ಇದ್ದೀತು! ಭತ್ತದ ಮಿಡತೆಯ ಅಧ್ಯಯನದಲ್ಲಿ ಅವರಿಗೆ ಜೊತೆಯಾದವರು ಕುಂಞಿ ಕಣ್ಣನ್.

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಕೋಲ್ಮನ್ ಮತ್ತೊಂದು ಕಾರಣಕ್ಕೆ ಬೇಕಾದವರು. ಮಳೆಗಾಲದಲ್ಲಿ ಕೊನೆಗೆ ಕೊಟ್ಟೆ ಕಟ್ಟಿ ಕೊಳೆ ರೋಗದಿಂದ ಫಸಲು ಉಳಿಸಿಕೊಳ್ಳುತ್ತಿದ್ದ ಅವರಿಗೆ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಕಲಿಸಿದ್ದು ಅವರೇ. ಇಂದಿಗೂ ತೋಟಗಳಲ್ಲಿ ಆ ದ್ರಾವಣದ ಬಳಕೆ ನಿಂತಿಲ್ಲ.

1913ರಲ್ಲಿ ಕೃಷಿ ಇಲಾಖೆಯ ಪ್ರಥಮ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ, 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಆರಂಭಗೊಂಡವು.

ಮಂಡ್ಯದ ಕಥೆ ಆರಂಭವಾಗುವುದು ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯೊಂದಿಗೆ. ಮಳೆ ನಂಬಿ ರಾಗಿ ಬಿತ್ತುತ್ತಿದ್ದ ನೆಲಕ್ಕೆ ಕಾವೇರಿ ಹರಿಯಿತು. ಆದರೆ ನೀರು ಬಂದ ಮಾತ್ರಕ್ಕೆ ಬೇಸಾಯ ತಿಳಿಯದು. ಹೊಸ ಬೆಳೆಯ ಬೆನ್ನಿಗೆ ಹೊಸ ಹುಳುವೂ ಬರುತ್ತದೆ. ನೀರಾವರಿ ಬೇಸಾಯದ ಪ್ರಯೋಗಗಳಿಗೆಂದು 1931ರಲ್ಲಿ ತಲೆಯೆತ್ತಿದ ಇರ್ವಿನ್ ನಾಲಾ ಫಾರಂ ಮುಂದೆ ವಿ.ಸಿ. ಫಾರಂ ಆಯಿತು. ಕಬ್ಬು ಬೆಳೆದವನಿಗೆ ಮಾರುಕಟ್ಟೆ ಬೇಕಲ್ಲವೇ? 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಗುವಲ್ಲಿಯೂ ಕೋಲ್ಮನ್ ಶ್ರಮ ದೊಡ್ಡದು. ಅಣೆಕಟ್ಟೆ ಕಣ್ಣಿಗೆ ಕಾಣುತ್ತದೆ, ಇಂಥ ದುಡಿಮೆ ಕಾಣುವುದಿಲ್ಲ. ಕೀರ್ತಿಯ ಹಂಚಿಕೆಯಲ್ಲಿ ಅವರಿಗೆ ಸಂದದ್ದು ಕಡಿಮೆಯೇ.

1934ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಮರಳಿದ ಅವರು 1954ರ ಸೆಪ್ಟೆಂಬರ್ 14ರಂದು ನಿಧನ ಹೊಂದಿದರು.

ಕೀಟದ ಬದುಕು ತಿಳಿದ ಬಳಿಕವೇ ಮದ್ದು ಎಂಬ ಅವರ ಕ್ರಮ ಕಬ್ಬಿನ ನಾಡಿಗೆ ಇಂದಿಗೂ ಅಗತ್ಯ. ಕಬ್ಬಿನ ಬೇರನ್ನೂ, ಉದ್ಯಾನಗಳ ಹುಲ್ಲುಹಾಸಿನ ಬುಡವನ್ನೂ ತಿನ್ನುವ ಗೊಣ್ಣೆಹುಳು ವಾಸ್ತವವಾಗಿ ಒಂದು ದುಂಬಿಯ ಮರಿ. ಮೊದಲ ಮಳೆ ಬಿದ್ದ ಸಂಜೆ ಈ ದುಂಬಿಗಳು ಮಣ್ಣಿನಿಂದೆದ್ದು ಬೇವು, ಜಾಲಿ ಮರಗಳಿಗೆ ಮುತ್ತುತ್ತವೆ, ದೀಪಕ್ಕೂ ಎರಗುತ್ತವೆ. ಬೆಳಕಿನ ಬಲೆಯಿಟ್ಟು ಬಿದ್ದವನ್ನು ಜಾತಿವಾರು ಎಣಿಸಿದರೆ, ಯಾವ ದುಂಬಿ ಎಂದು, ಎಷ್ಟು ಹೊರಬಂತೆಂಬುದು ತಿಳಿಯುತ್ತದೆ. ನೆಲದ ಮೇಲೆ ಹರಿದಾಡುವ, ಇತರ ಹುಳುಗಳನ್ನು ತಿಂದು ರೈತನಿಗೆ ನೆರವಾಗುವ ದುಂಬಿಗಳ ಲೆಕ್ಕಕ್ಕೆ ಮಣ್ಣಿನಲ್ಲಿ ಬಾಯಿಮಟ್ಟ ಹೂತಿಟ್ಟ ಬಟ್ಟಲೇ ಬಲೆ. ದುಂಬಿ ಮೊಟ್ಟೆಯಿಡುವ ಮೊದಲೇ ಅದನ್ನು ಹಿಡಿಯಲು ರೈತನಿಗೆ ಸಿಗುವ ಅವಧಿ ಮುಂಗಾರಿನ ಆರಂಭದ ಕೆಲವು ವಾರಗಳು ಮಾತ್ರ.