ಏರ್ ಗನ್‌ನಿಂದ ಬೈನಾಕ್ಯುಲರ್‌ವರೆಗೆ: ಸಲೀಂ ಅಲಿ

ಕೊಟ್ಟೂರಿನ ತೇರಿಗೋ ಮೈಲಾರದ ಜಾತ್ರೆಗೋ ಹೋದವರೆಲ್ಲ ಬಲೂನ್ ಹೊಡೆಯೋ ಅಂಗಡಿ ನೋಡಿರ್ತೀರಿ. ಅಲ್ಲಿ ಕೈಗೆ ಕೊಡೋ ಏರ್ ಗನ್‌ಗೆ ಮದ್ದು ಬೇಕಿಲ್ಲ. ನಳಿಗೆ ಬಗ್ಗಿಸಿದರೆ ಒಳಗಿನ ಸ್ಪ್ರಿಂಗ್ ಒತ್ತಿಕೊಂಡು ಕೂರುತ್ತೆ. ಟ್ರಿಗರ್ ಎಳೆದಾಗ ಸ್ಪ್ರಿಂಗ್ ಪಿಸ್ಟನ್ನನ್ನ ತಳ್ಳುತ್ತೆ, ಪಿಸ್ಟನ್ ಮುಂದಿರೋ ಗಾಳಿ ಗುಂಡನ್ನ ಹೊರಗೆ ನೂಕುತ್ತೆ. ಬಿಸಿ ಅನಿಲ ಸ್ಫೋಟವಾಗಿ ಹೊರಬರೋದಿಲ್ಲ, ಗುಂಡಿನ ವೇಗವೂ ಸಾಮಾನ್ಯವಾಗಿ ಶಬ್ದದ ವೇಗವನ್ನ ದಾಟೋದಿಲ್ಲ. ಹಾಗಾಗಿ ಶಕ್ತಿನೂ ಕಮ್ಮಿ, ಸದ್ದೂ ಕಮ್ಮಿ. ಬಲೂನ್ ಒಡೆಯೋಕೆ ಅಷ್ಟು ಸಾಕು. ಗುಬ್ಬಚ್ಚಿ ಕೊಲ್ಲೋಕೂ ಅಷ್ಟು ಸಾಕು.

ಸುಮಾರು 120 ವರ್ಷದ ಹಿಂದೆ ಮುಂಬೈನ ಒಬ್ಬ ಹುಡುಗನ ಕೈಲಿ ಇಂಥದ್ದೇ ಒಂದು ಏರ್ ಗನ್ ಇತ್ತು. ಮುಂದೆ ಅವನನ್ನ ಇಡೀ ದೇಶ ಹಕ್ಕಿಗಳ ಮನುಷ್ಯ ಅಂತ ಗುರುತಿಸಿತು. ಸಲೀಂ ಅಲಿ ಬಗ್ಗೆ ಬರೆಯೋರು ಸಾಮಾನ್ಯವಾಗಿ ಬೈನಾಕ್ಯುಲರ್‌ನಿಂದ ಶುರು ಮಾಡ್ತಾರೆ. ನಾವು ಬಂದೂಕಿನಿಂದ ಶುರು ಮಾಡ್ತೀವಿ. ಅವರ ಬದುಕು ನಿಜವಾಗಿ ಶುರುವಾಗಿದ್ದೇ ಅಲ್ಲಿಂದ.

ಸಲೀಂ ಹುಟ್ಟಿದ್ದು 12 ನವೆಂಬರ್ 1896ರಂದು. ಮೂರು ವರ್ಷದ ಹೊತ್ತಿಗೆ ಅಪ್ಪ ಅಮ್ಮ ಇಬ್ಬರೂ ಹೋಗಿದ್ದರು. ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮನೇಲಿ, ಅಣ್ಣ ಅಕ್ಕಂದಿರ ದೊಡ್ಡ ಗುಂಪಿನ ಜೊತೆ ಬೆಳೆದರು. ಮಾವನಿಗೆ ಶಿಕಾರಿ ಗೀಳು. ಹುಡುಗನಿಗೂ ದೊಡ್ಡ ಶಿಕಾರಿಯಾಗೋ ಕನಸು. ಆಗ ಅದೇನೂ ತಪ್ಪು ಅಂತ ಯಾರೂ ಅಂದುಕೊಂಡಿರ್ಲಿಲ್ಲ.

1906-07ರ ಹೊತ್ತಿಗೆ ಚೆಂಬೂರಿನ ಮನೆಯ ಕುದುರೆ ಲಾಯದಲ್ಲಿ ಗುಬ್ಬಿಯೊಂದು ಗೂಡು ಕಟ್ಟಿತ್ತು. ಹುಡುಗ ಸಾರೋಟಿನ ಮರೆಯಲ್ಲಿ ಕೂತು, ಗೂಡಿನ ಬಾಯಲ್ಲಿ ಕಾವಲಿದ್ದ ಗಂಡುಗುಬ್ಬಿಗೆ ಹೊಡೆದ. ಸ್ವಲ್ಪ ಹೊತ್ತಿಗೇ ಹೆಣ್ಣು ಇನ್ನೊಂದು ಗಂಡನ್ನ ಕರ್ಕೊಂಡು ಬಂತು. ಅದನ್ನೂ ಹೊಡೆದ. ಮತ್ತೊಂದು ಬಂತು. ಏಳು ದಿನದಲ್ಲಿ ಎಂಟು ಗಂಡುಗುಬ್ಬಿ ಬಿದ್ದವು. ಬೇರೆ ಹುಡುಗ ಆಗಿದ್ರೆ ಎಂಟು ಹೊಡೆದೆ ಅಂತ ಗೆಳೆಯರ ಹತ್ತಿರ ಹೇಳ್ಕೊಂಡು ಸುಮ್ಮನಾಗ್ತಿದ್ದ. ಇವನು ನಡೆದದ್ದನ್ನ ಬರೆದಿಟ್ಟ. ಹೆಣ್ಣು ಎಷ್ಟು ಬೇಗ ಹೊಸ ಜೊತೆ ಹುಡುಕಿತು ಅನ್ನೋದು ಅವನಿಗೆ ಸತ್ತ ಗುಬ್ಬಿಗಿಂತ ದೊಡ್ಡ ವಿಷಯವಾಗಿ ಕಂಡಿತ್ತು. ದಶಕಗಳ ನಂತರ ಆ ಟಿಪ್ಪಣಿ ಅಚ್ಚಾಯಿತು. ನಮಗೆ ಅನ್ಸೋದು, ಢಂ ಅನ್ನೋ ತೋಟಾ ಬಂದೂಕು ಆಗಿದ್ದರೆ ಲಾಯದ ಗುಬ್ಬಿಗಳೆಲ್ಲ ಊರು ಬಿಟ್ಟಿರೋವು, ಈ ಟಿಪ್ಪಣಿನೂ ಇರ್ತಿರ್ಲಿಲ್ಲ.

ಆಮೇಲೆ ಬಿದ್ದ ಒಂದು ಗುಬ್ಬಿಯ ಕುತ್ತಿಗೇಲಿ ಹಳದಿ ಮಚ್ಚೆ ಇತ್ತು. ಇದನ್ನ ತಿನ್ನಬಹುದೋ ಇಲ್ವೋ ಅಂತ ಅನುಮಾನ ಬಂದು ಹುಡುಗ ಮಾವನ ಹತ್ತಿರ ಹೋದ. ಮಾವನಿಗೂ ಗೊತ್ತಾಗಲಿಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಗೌರವ ಕಾರ್ಯದರ್ಶಿ ಮಿಲ್ಲಾರ್ಡ್ ಅವರಿಗೆ ಒಂದು ಚೀಟಿ ಬರೆದು ಕಳಿಸಿದರು. ಅಂಜುತ್ತಾ ಹೋದ ಹುಡುಗನಿಗೆ ಮಿಲ್ಲಾರ್ಡ್ ಅದು ಹಳದಿ ಕುತ್ತಿಗೆಯ ಗುಬ್ಬಿ ಅಂತ ಹೇಳಿದ್ದಷ್ಟೇ ಅಲ್ಲ, ಡ್ರಾಯರ್ ಮೇಲೆ ಡ್ರಾಯರ್ ಎಳೆದು ಸೊಸೈಟಿಯ ಹಕ್ಕಿ ಸಂಗ್ರಹ ತೋರಿಸಿದರು. ಒಂದೊಂದು ಹಕ್ಕಿಯ ಕಾಲಿಗೂ ಒಂದು ಲೇಬಲ್.

ಓದಿನಲ್ಲಿ ಸಲೀಂ ಟಾಪರ್ ಅಲ್ಲ. ಕಾಲೇಜಿನ ಮೊದಲ ವರ್ಷದಲ್ಲೇ ಬಿಟ್ಟು ಬರ್ಮಾದ ತವಾಯ್‌ಗೆ ಹೋದರು. ಅಲ್ಲಿ ಮನೆಯವರ ಗಣಿ ಮತ್ತು ಮರದ ವ್ಯವಹಾರ ಇತ್ತು. ವ್ಯವಹಾರಕ್ಕಿಂತ ಕಾಡೇ ಹೆಚ್ಚು ಹಿಡಿಸಿತು. ವಾಪಸ್ ಬಂದು ಪ್ರಾಣಿಶಾಸ್ತ್ರ ಓದಿದರು, 1918ರಲ್ಲಿ ತೆಹ್ಮಿನಾ ಅವರನ್ನ ಮದುವೆಯಾದರು. ಸರಿಯಾದ ಡಿಗ್ರಿ ಇಲ್ಲ ಅಂತ ಜೂವಾಲಜಿಕಲ್ ಸರ್ವೆ ಆಫ್ ಇಂಡಿಯಾದಲ್ಲಿ ಕೆಲಸ ಸಿಗಲಿಲ್ಲ. 1926ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನಲ್ಲಿ ಗೈಡ್ ಲೆಕ್ಚರರ್ ಆದರು. ಎರಡು ವರ್ಷಕ್ಕೆ ರಜೆ ಹಾಕಿ ಬರ್ಲಿನ್‌ಗೆ ಹೋಗಿ ಎರ್ವಿನ್ ಸ್ಟ್ರೆಸೆಮಾನ್ ಹತ್ತಿರ ಕಲಿತರು. ತಿರುಗಿ ಬಂದಾಗ ದುಡ್ಡಿಲ್ಲ ಅಂತ ಆ ಹುದ್ದೆಯನ್ನೇ ತೆಗೆದುಹಾಕಿದ್ದರು.

ಕೆಲಸ ಇಲ್ಲದ ಆ ದಿನಗಳಲ್ಲಿ ಇಬ್ಬರೂ ಸಮುದ್ರದ ದಡದ ಕಿಹೀಮ್ ಹಳ್ಳೀಲಿ ಇದ್ದರು. ಮನೆ ಹತ್ತಿರ ಗೀಜಗಗಳು ಗೂಡು ಕಟ್ಟುತ್ತಿದ್ದವು. ಸಲೀಂ ಮರೆ ಮಾಡಿಕೊಂಡು ದಿನಗಟ್ಟಲೆ ನೋಡಿದರು. ಗಂಡು ಅರ್ಧ ಗೂಡು ಕಟ್ಟಿ ನಿಲ್ಲಿಸುತ್ತೆ. ಹೆಣ್ಣು ಬಂದು ಇನ್‌ಸ್ಪೆಕ್ಷನ್ ಮಾಡಿ ಒಪ್ಪಿದರೆ ಮಾತ್ರ ಪೂರ್ತಿ ಮಾಡುತ್ತೆ. ಅದು ಮೊಟ್ಟೆ ಇಟ್ಟು ಕೂತ ಮೇಲೆ ಗಂಡು ಇನ್ನೊಂದು ಗೂಡಿಗೆ ಕೈ ಹಾಕುತ್ತೆ, ಇನ್ನೊಂದು ಹೆಣ್ಣಿಗಾಗಿ. ಗೀಜಗನ ಸಂಸಾರ ಹೀಗೆ ನಡೆಯುತ್ತೆ ಅಂತ ಅವರು ತೋರಿಸಿಕೊಟ್ಟಿದ್ದು ಒಂದು ಗುಂಡೂ ಹಾರಿಸದೆ.

ಹಾಗಂತ ಬಂದೂಕು ಮೂಲೆಗೆ ಹೋಗಲಿಲ್ಲ. ಕ್ಯಾಂಪ್ ಖರ್ಚು ಕೊಟ್ಟರೆ ಸಾಕು, ಸಂಬಳ ಬೇಡ ಅಂತ ಹೇಳಿ ಅವರು ಸಂಸ್ಥಾನಗಳ ಹಕ್ಕಿ ಸರ್ವೆ ಶುರು ಮಾಡಿದರು. 1931-32ರಲ್ಲಿ ಹೈದರಾಬಾದ್, 1939-40ರಲ್ಲಿ ಮೈಸೂರು. ನಮ್ಮ ಹಗರಿಬೊಮ್ಮನಹಳ್ಳಿ ಕಡೆಯಿಂದ ತುಂಗಭದ್ರೆ ದಾಟಿದರೆ ಸಿಗೋ ಕೊಪ್ಪಳ ಆಗ ನಿಜಾಮರದ್ದು. ಹರಪನಹಳ್ಳಿ, ಕೂಡ್ಲಿಗಿ ದಾಟಿ ದಕ್ಷಿಣಕ್ಕೆ ಹೋದರೆ ಮೈಸೂರು ಸಂಸ್ಥಾನ. ಹಡಗಲಿ, ಕೊಟ್ಟೂರು ಸೇರಿ ನಮ್ಮ ಊರುಗಳು ಮದ್ರಾಸ್ ಪ್ರೆಸಿಡೆನ್ಸಿಯ ಬಳ್ಳಾರಿ ಜಿಲ್ಲೇಲಿದ್ದವು. ಎರಡು ದೊಡ್ಡ ಸರ್ವೆಗಳ ಗೆರೆಯ ನಡುವೆ ಉಳಿದ ಜಾಗ ನಮ್ಮದು.

ಆ ಕಾಲದ ಸರ್ವೆ ಅಂದ್ರೆ ಹಕ್ಕಿ ಹೊಡೆದು, ಚರ್ಮ ಬಿಡಿಸಿ, ಹತ್ತಿ ತುಂಬಿ, ಲೇಬಲ್ ಕಟ್ಟಿ ಮ್ಯೂಸಿಯಂಗೆ ಸೇರಿಸೋದು. ಇಲ್ಲಿ ಬಂದೂಕಿನ ಲೆಕ್ಕಾಚಾರವೇ ಬೇರೆ. ಹುಲಿ ಹೊಡೆಯೋ ರೈಫಲ್ಲಿನಿಂದ ಪಿಕಳಾರಕ್ಕೆ ಹೊಡೆದರೆ ಪುಕ್ಕ ಬಿಟ್ಟು ಏನೂ ಸಿಗಲ್ಲ. ಅದಕ್ಕೇ ಸಂಗ್ರಹಕಾರರು ಸಣ್ಣ ನಳಿಗೆ, ಸಾಸಿವೆ ಕಾಳಿನಂಥ ಚರೆ, ಕಮ್ಮಿ ಮದ್ದಿನ ತೋಟಾ ಬಳಸ್ತಿದ್ದರು. ಮಾದರಿ ಹಾಳಾಗಬಾರದು, ಸದ್ದಿಗೆ ಸುತ್ತಲಿನ ಹಕ್ಕಿ ಚದುರಬಾರದು. ನಮ್ಮ ಭಾಷೇಲಿ ಹೇಳೋದಾದ್ರೆ, ಡಿಸೈನ್ ಲೋಡ್‌ಗಿಂತ ಒಂದು ಚೂರೂ ಹೆಚ್ಚು ಹಾಕಬಾರದು. ಲೇಬಲ್ಲಿನಲ್ಲಿ ತಾರೀಕು, ಊರು, ಗಂಡೋ ಹೆಣ್ಣೋ ಅನ್ನೋದು ಇರಲೇಬೇಕು. ಅದಿಲ್ಲದ ಹಕ್ಕಿ ರೀಡಿಂಗ್ ಇಲ್ಲದ ಲ್ಯಾಬ್ ರೆಕಾರ್ಡ್ ಇದ್ದ ಹಾಗೆ.

ಈ ಕೊಲ್ಲೋ ಕೆಲಸವನ್ನ ಸಲೀಂ ಅಲಿ ಮುಚ್ಚಿಡಲಿಲ್ಲ, ಅದಕ್ಕೆ ನಾಚಲೂ ಇಲ್ಲ. ಸಂಗ್ರಹ ಇಲ್ಲದೆ ಒಂದು ಜಾತಿ ಎಲ್ಲಿಂದ ಎಲ್ಲಿವರೆಗೆ ಇದೆ, ಉಪಜಾತಿ ಎಷ್ಟು ಅನ್ನೋದು ಆಗ ಗೊತ್ತಾಗ್ತಾ ಇರ್ಲಿಲ್ಲ ಅನ್ನೋದೂ ನಿಜ. ಇದನ್ನ ಓದುವಾಗ ನಮಗೆ ಸ್ವಲ್ಪ ಕಸಿವಿಸಿ ಆಗುತ್ತೆ. ಆಗಲಿ. ಅವರ ಪುಸ್ತಕ ಹಿಡಿದು ಇವತ್ತು ಹಕ್ಕಿ ಗುರುತಿಸೋ ನಾವು ಆ ಸತ್ತ ಹಕ್ಕಿಗಳ ಸಾಲದಲ್ಲೇ ಇದ್ದೀವಿ.

ಹೈದರಾಬಾದ್ ಕ್ಯಾಂಪ್‌ಗಳಲ್ಲಿ ಜೊತೆಗಿದ್ದ ತೆಹ್ಮಿನಾ 1939ರಲ್ಲಿ ಒಂದು ಸಣ್ಣ ಆಪರೇಷನ್ ನಂತರ ತೀರಿಕೊಂಡರು. ಮೈಸೂರು ಸರ್ವೆ ಆ ದುಃಖದ ಬೆನ್ನಿಗೇ ಬಂತು. ಕಾವೇರಿಯ ನಡುಗಡ್ಡೆಗಳಲ್ಲಿ ಸಾವಿರಗಟ್ಟಲೆ ನೀರುಹಕ್ಕಿ ಗೂಡು ಕಟ್ಟಿದ್ದನ್ನ ನೋಡಿ, ಇದನ್ನ ಕಾಪಾಡಿ ಅಂತ ಮಹಾರಾಜರ ಸರ್ಕಾರಕ್ಕೆ ಹೇಳಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮ ಆಯ್ತು. ಮಾದರಿ ಹೊಡೆಯೋಕೆ ಬಂದ ಮನುಷ್ಯನೇ ಇಲ್ಲಿ ಹೊಡೀಬೇಡಿ ಅಂದಿದ್ದು. 1941ರಲ್ಲಿ ಅವರ ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್ ಬಂತು.

ಬೈಕ್ ಪ್ರಿಯರಿಗೆ ಒಂದು ಮಾತು. ಸಲೀಂ ಅಲಿಗೆ ಮೋಟರ್‌ಸೈಕಲ್ ಹುಚ್ಚು ಭಯಂಕರ. 1950ರಲ್ಲಿ ಸ್ವೀಡನ್ನಿನ ಉಪ್ಸಾಲಾದ ಪಕ್ಷಿಶಾಸ್ತ್ರ ಸಮ್ಮೇಳನಕ್ಕೆ ತಮ್ಮ ಸನ್‌ಬೀಮ್ ಬೈಕನ್ನ ಹಡಗಿನಲ್ಲಿ ಸಾಗಿಸಿ, ಯುರೋಪ್ ಸುತ್ತಿಕೊಂಡು ಹೋದರು. ಆಗ ವಯಸ್ಸು 53.

1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತು. ಇದರ ವೈರಸ್ ಸೈಬೀರಿಯಾ ಕಡೆಯ ಒಂದು ವೈರಸ್‌ಗೆ ಹತ್ತಿರದ್ದು. ವಲಸೆ ಹಕ್ಕಿಗಳ ಮೈಮೇಲಿನ ಉಣ್ಣೆಗಳ ಜೊತೆ ಬಂತಾ ಅನ್ನೋ ಪ್ರಶ್ನೆ ಎದ್ದಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿ ಮತ್ತು ಸೊಸೈಟಿ ದೊಡ್ಡ ಮಟ್ಟದಲ್ಲಿ ಹಕ್ಕಿಗಳಿಗೆ ಉಂಗುರ ಹಾಕೋ ಕೆಲಸಕ್ಕೆ ಇಳಿದರು. ಕಣ್ಣಿಗೆ ಕಾಣದಷ್ಟು ತೆಳುವಾದ ಬಲೆಯಲ್ಲಿ ಹಿಡಿದು, ಕಾಲಿಗೆ ನಂಬರಿನ ಉಂಗುರ ಹಾಕಿ, ಬಿಟ್ಟುಬಿಡೋದು. ಲೇಬಲ್ ಹಳೇದೇ. ಆದ್ರೆ ಈ ಸಲ ಅದನ್ನ ಕಟ್ಟಿಸಿಕೊಂಡ ಹಕ್ಕಿ ಹಾರಿಹೋಗ್ತಿತ್ತು.

ಡಿಲ್ಲನ್ ರಿಪ್ಲಿ ಜೊತೆ ಬರೆದ ಹತ್ತು ಸಂಪುಟಗಳ ಹ್ಯಾಂಡ್‌ಬುಕ್ 1968ರಿಂದ 1974ರವರೆಗೆ ಬಂತು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ, 1985ರಲ್ಲಿ ರಾಜ್ಯಸಭೆ. ರಾಷ್ಟ್ರಪಕ್ಷಿ ಆಯ್ಕೆ ಹೊತ್ತಲ್ಲಿ ಅವರು ವಾದಿಸಿದ್ದು ನವಿಲಿಗಲ್ಲ, ಎರೆಭೂತಕ್ಕೆ. ಬಂದೂಕಿಗೂ ಜೀಪಿಗೂ ಸಿಕ್ಕಿ ಕರಗ್ತಿದ್ದ ಆ ಹಕ್ಕಿ ಇವತ್ತು ಕರ್ನಾಟಕದಲ್ಲಿ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿದೆ. 20 ಜೂನ್ 1987ರಂದು ಸಲೀಂ ಅಲಿ ತೀರಿಕೊಂಡರು. 90 ವರ್ಷ.

ಈಗ ಏರ್ ಗನ್ ಆನ್‌ಲೈನಲ್ಲೇ ಸಿಗುತ್ತೆ. ಸದ್ದಿಲ್ಲ, ಯಾರಿಗೂ ಗೊತ್ತಾಗಲ್ಲ ಅಂತ ಹಕ್ಕಿ ಮೇಲೆ ಗುರಿ ಇಡೋರೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ಚೆಂಬೂರಿನ ಹುಡುಗನ ಉದಾಹರಣೆ ಕೊಟ್ಟು ತಪ್ಪಿಸಿಕೊಳ್ಳೋಕೆ ಆಗಲ್ಲ, ಯಾಕಂದ್ರೆ ಅವನು ಹೊಡೆದು ತಿಳಿದುಕೊಂಡಿದ್ದನ್ನ ಈಗ ಹೊಡೆಯದೆ ತಿಳಿಯಬಹುದು.

ಸರ್ವೆಯ ಗೆರೆಗಳ ನಡುವೆ ಉಳಿದ ನಮ್ಮ ಊರುಗಳಿಗೆ ಈಗ ಒಂದು ಅವಕಾಶ ಇದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ ಪಕ್ಷಿ ಸಂರಕ್ಷಣಾ ಮೀಸಲು. 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ನೀರಲ್ಲಿ ನಿಂತ ಜಾಲಿಮರಗಳ ತುಂಬ ಬಣ್ಣದ ಕೊಕ್ಕರೆ, ಕರಿತಲೆಯ ಐಬಿಸ್. ಒಂದು ಭಾನುವಾರ ಬೆಳಗ್ಗೆ ಒಂದು ಬೈನಾಕ್ಯುಲರ್, ಒಂದು ನೋಟ್‌ಬುಕ್ ತಗೊಂಡು ಹೋಗಿ. ಯಾವ ಹಕ್ಕಿ, ಎಷ್ಟು, ಎಷ್ಟು ಗಂಟೆಗೆ ಅಂತ ಬರೆದು ಈಬರ್ಡ್‌ಗೆ ಹಾಕಿ. ತಾರೀಕು ಮತ್ತು ಊರಿನ ಹೆಸರು ಮರೀಬೇಡಿ.