ಗಳಗನಾಥರ ಹೊರೆ

ಕಾಣಕೋಣದ ಪೇಟೆಯಲ್ಲಿ ತಲೆಹೊರೆಯ ವ್ಯಾಪಾರದಿಂದ ಜೀವಿಸುವ ಕನ್ನಡಿಗರನ್ನು ಕಂಡಾಗಲೆಲ್ಲ ನಮಗೆ ಗಳಗನಾಥರು ನೆನಪಾಗುತ್ತಾರೆ. ೧೮೬೯ರಲ್ಲಿ ಜನಿಸಿದ ವೆಂಕಟೇಶ ತಿರಕೋ ಕುಲಕರ್ಣಿಯವರು ನಮ್ಮಂತೆಯೇ ಶಾಲಾ ಶಿಕ್ಷಕರಾಗಿದ್ದವರು. ಸಂಬಳದ ಆಸರೆಯನ್ನು ತೊರೆದು ಲೇಖನಿಯಿಂದಲೇ ಸಂಸಾರ ಸಾಗಿಸಹೊರಟರು; ನಮಗಾದರೋ ಆ ಧೈರ್ಯ ಇಂದಿಗೂ ಬಂದಿಲ್ಲ. ಅಗಡಿಯ ಆನಂದವನದಿಂದ ೧೯೦೭ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ಯನ್ನು ನಡೆಸಿದರು. ಮರಾಠಿಯ ಪ್ರಾಬಲ್ಯವಿದ್ದ ಆ ಸೀಮೆಯಲ್ಲಿ ಕನ್ನಡ ಪುಸ್ತಕಕ್ಕೆ ಗಿರಾಕಿಗಳೆಲ್ಲಿ? ‘ಮಾಧವ ಕರುಣಾವಿಲಾಸ’ದಂತಹ ಬೃಹತ್ಕಾದಂಬರಿಯನ್ನು ರಚಿಸಿದ ಆ ಹಿರಿಯರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು, ಊರೂರು ಅಲೆದು, ಮನೆಬಾಗಿಲಲ್ಲಿ ನಿಂತು ಮಾರಿದರು. ಮಾರಿದ ಹಣದಲ್ಲಿಯೇ ಮನೆಯ ಅಕ್ಕಿಯೂ ಬರಬೇಕು, ಮುಂದಿನ ಪುಸ್ತಕದ ಕಾಗದವೂ ಬರಬೇಕು. ಸಿರಿವಂತರಾಗಲಿಲ್ಲ. ೧೯೪೨ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಉತ್ತರ ಕರ್ನಾಟಕದ ಎಷ್ಟೋ ಮನೆಗಳೊಳಗೆ ಕನ್ನಡ ಕಾದಂಬರಿ ಅವರ ಹೊರೆಯಿಂದಲೇ ಇಳಿದಿತ್ತು.